ನೀರೆಲ್ಲಾ ಒಂದಽ ಅಲ್ಲೇನು?

ಹುಬ್ಬಳ್ಳಿ-ಧಾರವಾಡ ನಡುವಿನ ಸತ್ತೂರಿನ ಕಟ್ಟೆಯ ಮೇಲೆ ಕೂತು ಹಡಗಿನ ಸುದ್ದಿ ಹೇಳ್ತೀನಿ ಅಂದರೆ ನಗಬೇಡಿ. ನಮ್ಮ ಕಡೆ ನೀರು ಅಂದರೆ ಉಣಕಲ್ ಕೆರೆ, ಸಾಧನಕೇರಿ. ಸಮುದ್ರ ನೋಡಬೇಕು ಅಂದರೆ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆ ಮುಟ್ಟಬೇಕು. ನಮ್ಮ ಅಕ್ಕ ಅದನ್ನು ಕಂಡದ್ದು ಒಂದೇ ಸಲ, ಗೋಕರ್ಣಕ್ಕೆ ಹೋದಾಗ. ಆಗಲೂ ಕಾಲು ತೋಯಿಸಿಕೊಂಡು, ಇಷ್ಟು ಉಪ್ಪು ಯಾರು ಹಾಕಿದರು ಅಂತ ಕೇಳಿ, ತಿರುಗಿ ಬಂದವಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಹುಡುಗ ಹಡಗಿನ ಕೆಲಸಕ್ಕೆ ಹೋದದ್ದು ಹ್ಯಾಗೆ ಅನ್ನೋದು ಬ್ಯಾರೆ ಕಥೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ, ಗೋವಾದಲ್ಲಿ ಎರಡು ಹೋಟೆಲ್ ಬದಲಿ ಮಾಡಿದ, ಅಲ್ಲಿ ಯಾರೋ ಏಜೆಂಟ್ ಸಿಕ್ಕ. ಒಂದು ದಿನ ಮುಂಬೈಯಿಂದ ಫೋನ್ ಮಾಡಿ, "ಮಾಮಾ, ಹಡಗಿಗೆ ಸೈನ್ ಆನ್ ಆಗೇನ್ರಿ, ಅವ್ವಗ ನೀವಽ ಹೇಳ್ರಿ" ಅಂದ. ಹೇಳುವ ಕೆಲಸ ಯಾವಾಗಲೂ ನನಗೇ ಬೀಳೋದು. ಮಾಸ್ತರಿಕೆ ಮಾಡಿದವನು ಅಂದರೆ ಊರಿನವರೂ ಅಷ್ಟೇ, ಮನೆಯವರೂ ಅಷ್ಟೇ.

ಅಕ್ಕನಿಗೆ ಒಂದೇ ಚಿಂತೆ: "ಅಲ್ಲಿ ಏನು ತಿಂತಾನ? ಏನು ಕೊಯ್ತಾನ?" ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮಗ ಹೇಳಿದ, "ಅವ್ವಾ, ನಾ ಕಾಯಿಪಲ್ಲೆ ಸೆಕ್ಷನ್ನಿನಾಗ ಇದ್ದೀನಿ. ಮುಂಜಾನಿಂದ ಸಂಜೀಮಟ ಉಳ್ಳಾಗಡ್ಡಿ ಹೆಚ್ಚೋದು, ಅಷ್ಟಽ." ಅಕ್ಕ ಸಮಾಧಾನ ಆದಳು. ನಾನು ಆಗಲೇ ಸ್ವಲ್ಪ ಅನುಮಾನಪಟ್ಟಿದ್ದೆ. ಆದರೆ ಬಾಯಿ ಬಿಡಲಿಲ್ಲ.

ಭಾವನ ಬಗ್ಗೆಯೂ ಹೇಳಿಬಿಡಬೇಕು. ಸಾರಿಗೆ ಸಂಸ್ಥೆಯ ಬಸ್ಸು ಓಡಿಸಿ ನಿವೃತ್ತರಾದವರು. ಚಕ್ರ ಇದ್ದದ್ದು, ಇಲ್ಲದ್ದು, ಯಾವ ವಾಹನವನ್ನೇ ಆಗಲಿ ಅವರು ಅಳೆಯೋದು ಅದನ್ನು ಹಿಂದಕ್ಕೆ ಹ್ಯಾಗೆ ತೆಗೀತಾರೆ ಅನ್ನೋದರ ಮೇಲೆ. ಮಗ ಹಡಗಿನ ಫೋಟೋ ಕಳಿಸಿದಾಗ ಎಲ್ಲರೂ ಅದರ ಎತ್ತರ, ದೀಪ, ಈಜುಕೊಳ ನೋಡಿದರೆ, ಭಾವ ಚಾಳೀಸು ಏರಿಸಿ ಕೇಳಿದ್ದು, "ಇದಕ್ಕ ರಿವರ್ಸ್ ಐತೇನೋ?" ಮತ್ತೊಂದು ಚಟ ಅವರಿಗೆ. ಡ್ಯೂಟಿಯಲ್ಲಿದ್ದಾಗ ಕಿಲೋಮೀಟರು, ಡೀಸೆಲ್ಲು ಬರೆದು ಬರೆದು ರೂಢಿ ಆಗಿ, ಮನೆಯಲ್ಲೂ ಒಂದು ಉದ್ದನೆಯ ವಹಿ ಇಟ್ಟಿದ್ದರು. ಹಾಲಿನ ಲೆಕ್ಕ, ಕರೆಂಟಿನ ಬಿಲ್ಲು, ಪೇಪರಿನಲ್ಲಿ ಕಂಡ ಯಾವುದೇ ದೊಡ್ಡ ಅಂಕಿ, ಎಲ್ಲ ಅದರೊಳಗೆ. ನಾನು ಈಗ ಹೇಳುವ ಅಂಕಿಗಳೆಲ್ಲ ಆ ವಹಿಯ ಪುಣ್ಯ. ನನ್ನ ತಲೆಯಲ್ಲಿ ಉಳಿದಿರೋದು ಊಟ, ಮಾತು, ಬಿಸಿಲು ಇಷ್ಟೇ.

2020ರ ಫೆಬ್ರುವರಿ ಅದು. ಸುಲಗಾಯಿ ಮುಗೀತಾ ಬಂದಿತ್ತು, ಸೀತನಿ ಇನ್ನೂ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಸುಡುತ್ತಿದ್ದರು. ಮುಂಜಾನೆ ಶಾಲು ಬೇಕು, ಮಧ್ಯಾಹ್ನ ಫ್ಯಾನು ಬೇಕು, ಅಂಥ ದಿನಗಳು. ಊರಲ್ಲಿ ಎಲ್ಲರ ಬಾಯಲ್ಲೂ ಚಿಗರಿ ಬಸ್ಸು. ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ಆ ಬಸ್ಸಿನ ಬಿಆರ್‌ಟಿಎಸ್ ಹಾದಿಯ ಉದ್ಘಾಟನೆ ಮಾಡಿ ಹೋಗಿದ್ದರು. ಬಸ್ಸು ಅದಕ್ಕೂ ಮೊದಲೇ ಓಡುತ್ತಿದ್ದವು ಅನ್ನಿ. ಆದರೂ ದೊಡ್ಡವರು ಬಂದು ಹೋದಮೇಲೆ ಬಸ್ಸಿಗೆ ಒಂದು ಗತ್ತು ಬರ್ತದ. ಭಾವನಿಗೆ ಮಾತ್ರ ಆ ಬಸ್ಸು ಮೊದಲಿಂದ ಸರಿಬರಲಿಲ್ಲ. ನಿಲ್ದಾಣ ರಸ್ತೆಯ ನಡುವೆ, ಬಾಗಿಲು ಬಲಕ್ಕೆ! "ನಲವತ್ತು ವರ್ಷ ಎಡಕ್ಕ ಮಂದೀನ ಇಳಿಸೇನಿ, ಈಗ ಬಲಕ್ಕ ಇಳಸ್ರಿ ಅಂದ್ರ ಹ್ಯಾಂಗ" ಅಂತ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದಾಗಲೇ, ಒಳಗೆ ಟಿವಿ ನೋಡುತ್ತಿದ್ದ ಅಕ್ಕ ಚೀರಿದಳು.

ಟಿವಿಯಲ್ಲಿ ಒಂದು ಬಿಳಿ ಹಡಗು. ಸುತ್ತ ಕೆಂಪು ಗೆರೆ ಎಳೆದು, ಡಮ್ ಡಮ್ ಅಂತ ಸಂಗೀತ ಹಾಕಿ, ಅದನ್ನೇ ತಿರುಗಿ ತಿರುಗಿ ತೋರಿಸುತ್ತಿದ್ದರು. ಡೈಮಂಡ್ ಪ್ರಿನ್ಸೆಸ್. ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಲ್ಲಿಸಿದ್ದಾರೆ, ಒಳಗಿನವರನ್ನು ಕೆಳಗೆ ಇಳಿಸೋದಿಲ್ಲ, ಹೊಸ ರೋಗ ಹೊಕ್ಕಿದೆ. ಆಗಿನ್ನೂ ಕೊರೋನಾ ಅನ್ನೋ ಹೆಸರು ನಮ್ಮ ನಾಲಿಗೆಗೆ ಹೊಂದಿರಲಿಲ್ಲ. ನಮ್ಮ ಓಣಿಯಲ್ಲಿ 'ಚೀನಾದ ನೆಗಡಿ' ಅನ್ನುತ್ತಿದ್ದರು.

ಅಳಿಯ ಇದ್ದದ್ದು ಆ ಹಡಗಿನಲ್ಲಲ್ಲ. ಅವನದು ಬೇರೆ ಕಂಪನಿ, ಬೇರೆ ಹಡಗು, ಅಮೆರಿಕದ ಫ್ಲಾರಿಡಾದಿಂದ ಹೊರಟು ಕೆರಿಬಿಯನ್ ದ್ವೀಪ ಸುತ್ತಿ ಬರೋದು. ನಾನು ಮೊಮ್ಮಗಳ ಅಟ್ಲಾಸ್ ತಂದು ಪಡಸಾಲೆಯಲ್ಲಿ ಹರವಿದೆ. "ನೋಡು ಅಕ್ಕಾ, ಯೊಕೊಹಾಮಾ ಇಲ್ಲೈತಿ. ನಿನ್ನ ಮಗ ಇಲ್ಲಿ, ಪೂರಾ ಆ ಕಡೆ. ನಡುವ ಎಷ್ಟು ದೂರ ಐತಿ ನೋಡು." ಅಕ್ಕ ಬೆರಳು ಇಟ್ಟು ಜಪಾನಿನಿಂದ ಅಮೆರಿಕದ ತನಕ ನೀಲಿ ಬಣ್ಣದ ಮೇಲೇ ಎಳೆದುಕೊಂಡು ಹೋದಳು. ಎಲ್ಲೂ ಕೈ ಎತ್ತಲಿಲ್ಲ. ಕೊನೆಗೆ ನನ್ನ ಮುಖ ನೋಡಿ, "ನೀರೆಲ್ಲಾ ಒಂದಽ ಅಲ್ಲೇನು ತಮ್ಮಾ?" ಅಂದಳು. ಮೂವತ್ತು ವರ್ಷ ಭೂಗೋಳ ಕಲಿಸಿದವನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಹಡಗಿನದೇ ಜಪ. ಭಾವ ವಹಿ ತೆಗೆದು ಹೊಸ ಪುಟಕ್ಕೆ 'ಹಡಗ' ಅಂತ ತಲೆಬರಹ ಹಾಕಿದರು. ಒಳಗೆ 3,711 ಜನ. ಅದರಲ್ಲಿ ಸಾವಿರದ ಮೇಲೆ ಕೆಲಸದವರು. ಭಾರತದವರು 138, ಅವರಲ್ಲಿ 132 ಮಂದಿ ಕೆಲಸದವರೇ, ಪ್ರವಾಸಿಗಳು ಆರೇ ಆರು. ಜನವರಿ 20ಕ್ಕೆ ಯೊಕೊಹಾಮಾದಿಂದ ಹೊರಟ ಹಡಗು ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್, ಓಕಿನಾವಾ ಅಂತ ಸುತ್ತಿತ್ತು. ಹಾಂಗ್‌ಕಾಂಗಿನಲ್ಲಿ ಇಳಿದು ಹೋದ ಎಂಬತ್ತು ವಯಸ್ಸಿನ ಮುದುಕರೊಬ್ಬರಿಗೆ ರೋಗ ಇದ್ದದ್ದು ಆಮೇಲೆ ತಿಳಿಯಿತು. ಅಷ್ಟರೊಳಗೆ ಹಡಗಿನಲ್ಲಿ ಊಟ, ನಾಟಕ, ಕುಣಿತ ಎಲ್ಲ ನಡೆದೇ ಇತ್ತು. ತಿರುಗಿ ಯೊಕೊಹಾಮಾಕ್ಕೆ ಬಂದಾಗ ಮೊದಲು ಪರೀಕ್ಷೆ ಮಾಡಿದ 31 ಜನರಲ್ಲಿ 10 ಮಂದಿಗೆ ರೋಗ. ಫೆಬ್ರುವರಿ 5ಕ್ಕೆ ಪ್ರವಾಸಿಗಳನ್ನೆಲ್ಲ ಕೋಣೆಯೊಳಗೆ ಕೂಡಿಹಾಕಿದರು.

ಭಾವ ಇನ್ನೊಂದು ಸುದ್ದಿ ಎಲ್ಲಿಂದಲೋ ಹೆಕ್ಕಿದ್ದರು. ಮೊದಲು ಡೈಮಂಡ್ ಅಂತ ಹೆಸರಿಟ್ಟಿದ್ದ ಹಡಗನ್ನು ನಾಗಸಾಕಿಯಲ್ಲಿ ಮಿತ್ಸುಬಿಷಿಯವರು ಕಟ್ಟುತ್ತಿದ್ದಾಗ, 2002ರಲ್ಲಿ, ದೊಡ್ಡ ಬೆಂಕಿ ಬಿದ್ದಿತ್ತಂತೆ. ಆಗ ಮಗ್ಗುಲಲ್ಲಿ ತಯಾರಾಗುತ್ತಿದ್ದ ತಂಗಿ ಹಡಗಿಗೆ ಡೈಮಂಡ್ ಅನ್ನೋ ಹೆಸರು ಕೊಟ್ಟು, ಸುಟ್ಟದ್ದನ್ನು ರಿಪೇರಿ ಮಾಡಿ ಸಫೈರ್ ಅಂತ ಕರೆದರಂತೆ. "ಹೆಸರು ಅದಲಿ ಬದಲಿ ಮಾಡಿದ್ರಽ ಹಿಂಗಾಗೋದು" ಅಂತ ಅಕ್ಕ ಶಾಂತವಾಗಿ ತೀರ್ಮಾನ ಕೊಟ್ಟಳು. ಅವಳ ಪ್ರಕಾರ ಹೆಸರು ಬದಲಿಸಿದ ಮೇಲೆ ಒಂದು ಅಭಿಷೇಕನಾದರೂ ಮಾಡಿಸಬೇಕಿತ್ತು.

ಆ ದಿನಗಳಲ್ಲೇ ಪೇಪರಿನಲ್ಲಿ ಬಂತು, ಕಾರವಾರದ ಹುಡುಗನೊಬ್ಬ ಆ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಮಗನನ್ನು ಕರೆಸಿಕೊಡಿ ಅಂತ ತಂದೆತಾಯಿ ಸರಕಾರಕ್ಕೆ ಮನವಿ ಮಾಡಿದ್ದಾರೆ ಅಂತ. ಕಾರವಾರ ಅಂದರೆ ನಮಗೆ ಪಕ್ಕದ ಮನೆ ಇದ್ದಂಗೆ. ನಮ್ಮವರೆಷ್ಟೋ ಮಂದಿ ಅಲ್ಲಿ ನೌಕರಿ ಮಾಡಿದ್ದಾರೆ, ಅಲ್ಲಿನ ಮೀನು ಹುಬ್ಬಳ್ಳಿ ಮಾರ್ಕೆಟ್ಟಿಗೆ ಬರ್ತದ. ಅಕ್ಕ ಆ ತಾಯಿಯ ಹೆಸರು ಕೇಳಿಕೊಂಡು ದಿನಾ ದೇವರ ಮುಂದೆ ತನ್ನ ಮಗನ ಜೊತೆ ಆ ಹುಡುಗನ ಹೆಸರಿನಲ್ಲೂ ಒಂದು ಊದಿನಕಡ್ಡಿ ಹಚ್ಚತೊಡಗಿದಳು. ಶಿವರಾತ್ರಿಗೆ ಇಬ್ಬರ ಹೆಸರಿನಲ್ಲೂ ಉಪವಾಸ. ಒಂದು ಉಪವಾಸಕ್ಕೆ ಎರಡು ಹೆಸರು ನಡೀತದೋ ಇಲ್ಲವೋ ಅಂತ ಭಾವ ಕೇಳಿ ಬೈಸಿಕೊಂಡದ್ದು ನೆನಪಿದೆ.

ಅಳಿಯ ಫೋನ್ ಮಾಡುತ್ತಿದ್ದದ್ದು ನಮಗೆ ಮುಂಜಾನೆ ಚಹಾದ ಹೊತ್ತಿಗೆ, ಅವನಿಗೆ ರಾತ್ರಿ ಡ್ಯೂಟಿ ಮುಗಿದ ಮೇಲೆ. ಹಡಗಿನಲ್ಲಿ ಇಂಟರ್‌ನೆಟ್ಟು ದುಬಾರಿ, ಕೆಲಸದವರೂ ರೊಕ್ಕ ಕೊಟ್ಟೇ ತೊಗೋಬೇಕಿತ್ತು. ಹಂಗಾಗಿ ಮಾತು ಚುಟುಕು. ಆದರೆ ಡೈಮಂಡ್ ಪ್ರಿನ್ಸೆಸ್ ಸುದ್ದಿ ಬಂದಾಗ ಮಾತ್ರ ಹುಡುಗ ಉದ್ದಕ್ಕೆ ಮಾತಾಡಿದ. ಟಿವಿಯವರು ಹೇಳದ್ದನ್ನು ಅವನು ಹೇಳಿದ. ಆ ಮಾತು ನನಗೆ ಇವತ್ತಿಗೂ ಅವನ ದನಿಯಲ್ಲೇ ಕೇಳಿಸ್ತದ.

"ಮಾಮಾ, ಟಿವಿಯಾಗ ಬರೇ ಬಾಲ್ಕನಿ ತೋರಸ್ತಾರ. ಬಾಲ್ಕನಿ ಇದ್ದವರು ಗೆಸ್ಟ್. ನಾವು ಇರೋದು ಕೆಳಗ. ಕಿಡಕಿ ಇಲ್ಲ. ಒಂದು ಖೋಲಿಗೆ ಇಬ್ಬರು, ಮ್ಯಾಲೊಬ್ಬ ಕೆಳಗೊಬ್ಬ. ಅವ ಕೆಮ್ಮಿದ್ರ ನನ್ನ ಹಾಸಿಗಿ ಅಳ್ಳಾಡತೈತಿ. ಗೆಸ್ಟ್‌ಗೆ ಹೊರಗ ಬರಬ್ಯಾಡ್ರಿ ಅಂತ ಹೇಳ್ಯಾರಲ್ಲ, ಮೂರು ಹೊತ್ತು ಅವರ ಬಾಗಿಲಕ್ಕ ತಾಟು ಒಯ್ಯೋರು ಯಾರು? ಆ ತಾಟು ತೊಳಿಯೋರು ಯಾರು? ನಮ್ಮಂಥಾವರಽ ಅಲ್ಲೇನು? ತಾಟು ಕೊಟ್ಟು ಬಂದು ಎಲ್ಲಾರೂ ಒಂದಽ ಮೆಸ್ಸಿನಾಗ ಕೂತು ಉಣ್ಣೋದು."

ಅವನ ಮಾತಿನಿಂದಲೇ ನಮಗೆ ಹಡಗಿನ ಒಳಗಿನ ನಕಾಶೆ ತಿಳಿದದ್ದು. ಕೆಳಗಿನ ಡೆಕ್ಕಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ಓಣಿ ಇರ್ತದಂತೆ. ಕೆಲಸದವರು ಅದಕ್ಕೆ ಐ-95 ಅಂತಾರೆ, ಅಮೆರಿಕದ ಯಾವುದೋ ದೊಡ್ಡ ಹೆದ್ದಾರಿಯ ಹೆಸರು. ಕಾಯಿಪಲ್ಲೆ ಗಾಡಿ, ಬಟ್ಟೆಯ ಗಂಟು, ಕಸದ ಚೀಲ, ಯುನಿಫಾರಂ ಹಾಕಿದ ಸಾವಿರ ಮಂದಿ, ಎಲ್ಲ ಅದರಲ್ಲೇ ಹಾಯಬೇಕು. ಭಾವನಿಗೆ ಇದು ಬಹಳ ಹಿಡಿಸಿತು. "ಅಂದ್ರ ನಮ್ಮ ಪಿ.ಬಿ. ರೋಡ್!" ಅಂದರು. ಡಿವೈಡರ್ ಇದೆಯಾ, ಎದುರಿಗೆ ಗಾಡಿ ಬಂದರೆ ಯಾರು ಸರಿಯಬೇಕು ಅಂತ ವಿಚಾರಿಸಿದರು. ಅಳಿಯ, "ಅಪ್ಪಾ, ಬಿಸಿ ಸಾರು ಹಿಡಕೊಂಡು ಬಂದಾವ್ಗ ಎಲ್ಲಾರೂ ಸರೀತಾರ" ಅಂದ. ಆ ಕಾನೂನು ಭಾವನಿಗೆ ಒಪ್ಪಿಗೆಯಾಯಿತು.

ಹಡಗಿನವರಿಗೆ ಸಾಂಕ್ರಾಮಿಕ ರೋಗ ಹೊಸದಲ್ಲವಂತೆ. ವಾಂತಿಭೇದಿಯ ಒಂದು ವೈರಸ್ಸು ಆಗಾಗ ಬರ್ತದ. ಬಂದರೆ ಕೋಡ್ ರೆಡ್. ಗೆಸ್ಟ್‌ಗಳು ತಾವೇ ಬಡಿಸಿಕೊಳ್ಳುವಂತಿಲ್ಲ, ಕೈಗವಸು ಹಾಕಿಕೊಂಡವರೇ ಬಡಿಸಬೇಕು. ಊಟದ ಬಾಗಿಲಲ್ಲಿ ಒಬ್ಬ ಹುಡುಗ ಸ್ಯಾನಿಟೈಜರ್ ಬಾಟಲಿ ಹಿಡಿದು 'ವಾಷಿ ವಾಷಿ' ಅಂತ ಹಾಡಿಕೋತ ನಿಂತಿರ್ತಾನೆ. ಅಳಿಯ ಹೊಸದಾಗಿ ಸೇರಿದಾಗ ಆ ಕೆಲಸ ಅವನಿಗೂ ಬಿದ್ದಿತ್ತು. ನಾವೆಲ್ಲ ಮಾರ್ಚಿನಲ್ಲಿ ಸ್ಯಾನಿಟೈಜರ್ ಅಂದರೆ ಏನು ಅಂತ ಅಂಗಡಿ ಅಂಗಡಿ ಅಡ್ಡಾಡಿದೆವು. ನಮ್ಮ ಮನೆಯ ಹುಡುಗ ವರ್ಷಗಟ್ಟಲೆ ಮೊದಲೇ ಅದನ್ನು ಹಾಡಾಗಿ ಹಾಡಿ ಬಿಟ್ಟಿದ್ದ.

ತಾಟು ಒಯ್ಯುವವರ ಬಗ್ಗೆ ಅವನು ಹೇಳಿದ್ದು ಸುಳ್ಳಾಗಲಿಲ್ಲ. ಆಮೇಲೆ ಯಾವಾಗಲೋ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಡೈಮಂಡ್ ಪ್ರಿನ್ಸೆಸ್ ಕೆಲಸದವರ ಬಗ್ಗೆ ಪ್ರಕಟಿಸಿದ ವರದಿಯ ಸಾರ ಓದಿದೆ. ಕೆಲಸದವರಲ್ಲಿ ಮೊದಮೊದಲು ರೋಗ ಖಚಿತವಾದ 20 ಮಂದಿಯಲ್ಲಿ 15 ಜನ ಊಟದ ವಿಭಾಗದವರು. 16 ಜನರ ಕೋಣೆ ಮೂರನೇ ಡೆಕ್ಕಿನಲ್ಲಿ, ಅಂದರೆ ಊಟದ ವಿಭಾಗದವರು ಮಲಗುವ ಡೆಕ್ಕಿನಲ್ಲಿ. ಭಾವ ಅದನ್ನು ವಹಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಆ ಎರಡು ಗೆರೆ ಅವರು ಹಿಂದೆ ಅಪಘಾತದ ರಿಪೋರ್ಟಿಗೆ ಮಾತ್ರ ಹಾಕುತ್ತಿದ್ದದ್ದು.

ಮೇಲಿನವರಿಗೆ ಸುಖ ಇತ್ತು ಅಂತಲ್ಲ. ಕಿಟಕಿ ಇಲ್ಲದ ಒಳಗಿನ ಕೋಣೆಯವರನ್ನು ಪಾಳಿ ಮಾಡಿ ಸ್ವಲ್ಪ ಹೊತ್ತು ಡೆಕ್ಕಿನ ಮೇಲೆ ಗಾಳಿಗೆ ಬಿಡುತ್ತಿದ್ದರು. ಬಹಳಷ್ಟು ಮಂದಿ ವಯಸ್ಸಾದವರು, ಬಿಪಿ, ಸಕ್ಕರೆ ಗುಳಿಗೆ ತೀರಿದವು, ಔಷಧ ಇಲ್ಲ ಅಂತ ಬಟ್ಟೆಯ ಮೇಲೆ ಬರೆದು ಬಾಲ್ಕನಿಯಿಂದ ಇಳಿಬಿಟ್ಟಿದ್ದನ್ನು ಟಿವಿಯಲ್ಲಿ ನೋಡಿದೆವು. ಬಂಗಾಲದ ಅಡುಗೆಯವನೊಬ್ಬ ಮಾಸ್ಕು ಹಾಕಿಕೊಂಡು, ಜೊತೆಗಾರರನ್ನು ಹಿಂದೆ ನಿಲ್ಲಿಸಿಕೊಂಡು, ನಮ್ಮನ್ನು ಉಳಿಸ್ರಿ ಅಂತ ಹಿಂದಿಯಲ್ಲಿ ಬೇಡಿಕೊಂಡ ವಿಡಿಯೋ ಬಂತು. ಅಕ್ಕ ಅದನ್ನು ಪೂರ್ತಿ ನೋಡಲಿಲ್ಲ, ಎದ್ದು ಹೋಗಿ ಹಿತ್ತಲಲ್ಲಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ ಪಾತ್ರೆಯನ್ನೇ ತಿಕ್ಕುತ್ತಿದ್ದಳು ಅಂತ ನನ್ನ ಹೆಂಡತಿ ಆಮೇಲೆ ಹೇಳಿದಳು.

ತಿಂಗಳ ಕೊನೆಗೆ ಏರ್ ಇಂಡಿಯಾ ವಿಮಾನದಲ್ಲಿ 119 ಭಾರತೀಯರು ದಿಲ್ಲಿಗೆ ಬಂದರು. ಅವರ ಜೊತೆ ಶ್ರೀಲಂಕಾ, ನೇಪಾಳ, ದಕ್ಷಿಣ ಆಫ್ರಿಕಾ, ಪೆರು ದೇಶದ ಐದು ಮಂದಿ. ಎಲ್ಲರನ್ನೂ ಮಾನೇಸರದ ಸೇನೆಯ ಶಿಬಿರದಲ್ಲಿ ಹದಿನಾಲ್ಕು ದಿನ ಇಟ್ಟರು. ಹಡಗಿನಲ್ಲಿ ಒಟ್ಟು 712 ಮಂದಿಗೆ ರೋಗ ತಗುಲಿತು ಅನ್ನೋದು ಕೊನೆಯ ಲೆಕ್ಕ. ನಮ್ಮ ದೇಶದ ಹದಿನಾರು ಮಂದಿ ಅದರಲ್ಲಿ ಇದ್ದರು, ಅವರು ಜಪಾನಿನ ಆಸ್ಪತ್ರೆಯಲ್ಲೇ ಉಳಿದರು. ಮಾರ್ಚ್ 1ಕ್ಕೆ ಕ್ಯಾಪ್ಟನ್ ಜೆನ್ನಾರೊ ಅರ್ಮಾ, ಇಟಲಿಯವರು, ಎಲ್ಲರೂ ಇಳಿದ ಮೇಲೆ ಕಟ್ಟಕಡೆಗೆ ಒಬ್ಬರೇ ಸೂಟ್‌ಕೇಸ್ ಎಳೆದುಕೊಂಡು ಇಳಿದ ಫೋಟೋ ಬಂತು. ಭಾವ ಎದ್ದು ನಿಂತು ನೋಡಿದರು. "ಡ್ರೈವರ್ ಅಂದ್ರ ಹಿಂಗಿರಬೇಕು. ಗಾಡಿ ಖಾಲಿ ಮಾಡಿ, ಸೀಟಿನ ಕೆಳಗ ನೋಡಿ, ಆಮ್ಯಾಲ ಇಳೀಬೇಕು." ಅವರ ಬಾಯಿಂದ ಬೇರೆ ಚಾಲಕನ ಬಗ್ಗೆ ಹೊಗಳಿಕೆ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಗೀತು ಅಂದುಕೊಂಡೆವು. ಎಲ್ಲಿ ಮುಗೀತದ? ಮಂಗಳೂರಿನ ಬಂದರಿಗೆ ಬಂದ ವಿದೇಶಿ ಪ್ರವಾಸಿ ಹಡಗನ್ನು ಒಳಗೆ ಬಿಡದೆ ತಿರುಗಿ ಕಳಿಸಿದರು ಅನ್ನೋ ಸುದ್ದಿ ಬಂತು. ಕಾಮಣ್ಣನ ಹಬ್ಬದ ಹೊತ್ತಿಗೆ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು, ದೇಶದ ಮೊದಲ ಸಾವು ನಮ್ಮ ರಾಜ್ಯದ್ದೇ ಆಯಿತು. ಆಮೇಲೆ ಧಾರವಾಡದ ಹೊಸಯಲ್ಲಾಪುರಕ್ಕೇ ಬಂತು, ಓಣಿಗೆ ಬಿದಿರು ಕಟ್ಟಿದರು. ಅದೇ ತಿಂಗಳು ಅಮೆರಿಕದವರು ಹಡಗುಗಳು ಹೊರಡಬಾರದು ಅಂತ ಆದೇಶ ಮಾಡಿದರು. ಅಳಿಯನ ಹಡಗು ಗೆಸ್ಟ್‌ಗಳನ್ನು ಇಳಿಸಿ, ಕೆಲಸದವರನ್ನು ಮಾತ್ರ ಇಟ್ಟುಕೊಂಡು, ಬಹಾಮಾ ದ್ವೀಪಗಳ ಹತ್ತಿರ ಹೋಗಿ ಲಂಗರು ಹಾಕಿತು.

ಮೊದಲ ದಿನಗಳಲ್ಲಿ ಹುಡುಗನಿಗೆ ಖುಷಿಯೋ ಖುಷಿ. ಖಾಲಿ ಉಳಿದ ಗೆಸ್ಟ್ ರೂಮುಗಳನ್ನು ಕೆಲಸದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಕೆಳಗೆ ಕಿಟಕಿ ಇಲ್ಲದ ಖೋಲಿಯಲ್ಲಿ ಮಲಗಿದವನಿಗೆ ಬಾಲ್ಕನಿ ಬಂತು! ವಿಡಿಯೋ ಕಾಲ್ ಮಾಡಿ ಸಮುದ್ರ ತೋರಿಸಿದ, ಮೆತ್ತನೆಯ ಹಾಸಿಗೆ ತೋರಿಸಿದ. ಅಕ್ಕ ಹಾಸಿಗೆ ನೋಡಿ, "ಇಷ್ಟು ಬೆಳ್ಳಗಿನ ಚಾದರ, ಕಾಲು ತೊಳಕೊಂಡು ಮಲಗೋ" ಅಂದಳು.

ಯುಗಾದಿ ಬಂತು. ಅವತ್ತೇ ನಮ್ಮಲ್ಲೂ ಲಾಕ್‌ಡೌನ್ ಶುರು. ಪಿ.ಬಿ. ರಸ್ತೆ ಅಷ್ಟು ಖಾಲಿ ಇದ್ದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ನವಲೂರಿನ ಕಡೆಯಿಂದ ಒಂದು ನಾಯಿ ಚಿಗರಿ ಬಸ್ಸಿನ ಹಾದಿಯ ನಟ್ಟನಡುವೆ ಸಾವಕಾಶ ನಡೆದು ಬಂದದ್ದನ್ನು ನಾನೂ ಭಾವನೂ ನಿಂತು ನೋಡಿದೆವು. ಹಿತ್ತಲಲ್ಲಿ ಬೇವಿನ ಗಿಡ ಇತ್ತು, ಬೇವು-ಬೆಲ್ಲ ಆಯಿತು, ಹೋಳಿಗೆಯೂ ಆಯಿತು, ತಿನ್ನಲು ಬರುವವರು ಯಾರೂ ಇಲ್ಲ. ಅಳಿಯ ಫೋನಿನಲ್ಲಿ, "ಅವ್ವಾ, ಇಲ್ಲಿ ಬೇವು ಎಲ್ಲಿಂದ ತರಲಿ, ನಾಲಿಗಿ ಮ್ಯಾಲೆ ಕಾಫಿ ಪುಡಿ ಇಟಗೊಂಡು, ಮ್ಯಾಲೆ ಸಕ್ರಿ ತಿಂದೆ" ಅಂದ. ಅಕ್ಕ ಅದು ನಡೀತದೋ ಇಲ್ಲವೋ ಅಂತ ನನ್ನ ಕಡೆ ನೋಡಿದಳು. ನಡೀತದ ಅಂದೆ. ಅಂಥ ವಿಷಯದಲ್ಲಿ ಮಾಸ್ತರ ಮಾತಿಗೆ ಇನ್ನೂ ಕಿಮ್ಮತ್ತು ಇತ್ತು.

ಆಮೇಲಿನ ವಾರಗಳು ನನಗೆ ಸರಿಯಾಗಿ ನೆನಪಿಲ್ಲ, ಒಂದರೊಳಗೊಂದು ಕಲೆತುಹೋಗಿವೆ. ಅವನ ಹಡಗಿನಲ್ಲೂ ಯಾರಿಗೋ ಜ್ವರ ಬಂತು, ಎಲ್ಲರೂ ಕೋಣೆ ಬಿಟ್ಟು ಹೊರಗೆ ಬರಬಾರದು ಅಂತ ಆಯಿತು. ದಿನಕ್ಕೆ ಎರಡು ಸಲ ಹಣೆಗೆ ಯಂತ್ರ ಹಿಡಿಯೋದು, ಬಾಗಿಲು ಬಡಿದು ತಾಟು ಇಟ್ಟು ಹೋಗೋದು. ಅವನಿಗೆ ಆ ಬಾಗಿಲು ಬಡಿಯುವ ಸದ್ದೇ ಬಹಳ ಕಾಡಿತಂತೆ. "ಇಷ್ಟು ವರ್ಷ ನಾ ಬಡೀತಿದ್ದೆ ಮಾಮಾ. ಬಡದು, ತಾಟು ಇಟ್ಟು, ಅವರು ತಗಿಯೋದ್ರೊಳಗ ಮುಂದಿನ ಬಾಗಲಕ್ಕ ಹೋಗ್ತಿದ್ದೆ. ಈಗ ಒಳಗ ಕೂತ್ರ ಗೊತ್ತಾತು. ಬಾಗಲಾ ತಗದಾಗ ಯಾರೂ ಇರೋದಿಲ್ಲ, ಬರೇ ಅನ್ನ." ಅನ್ನ, ಬ್ಯಾಳಿ, ಒಂದು ಬಾಳೆಹಣ್ಣು. ದಿನಾ ಅದೇ. ಮನೆಯಿಂದ ಒಯ್ದ ಶೇಂಗಾ ಚಟ್ನಿಯ ಕೊನೆಯ ಪಾಕೀಟನ್ನು ಅವನು ಚಮಚೆಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೆಕ್ಕುತ್ತ ತಿಂಗಳುಗಟ್ಟಲೆ ನಡೆಸಿದ. ಗುರೆಳ್ಳು ಚಟ್ನಿ ಮೊದಲೇ ಖಾಲಿಯಾಗಿತ್ತು, ಫಿಲಿಪೈನ್ಸಿನ ಗೆಳೆಯನಿಗೆ ಅದು ಬಹಳ ಸೇರಿತ್ತಂತೆ.

ಪಗಾರ? ಆ ಮಾತು ಈಗ ಬೇಡ. ಕಂಪನಿ ಮೊದಲು ಕಡಿಮೆ ಮಾಡಿತು, ಆಮೇಲೆ ನಿಲ್ಲಿಸಿತು. ಅಕ್ಕನಿಗೆ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಇರಬೇಕು, ಒಂದು ಮುಂಜಾನೆ ಅವನು ತೋರಿಸಿದ ನೋಟ ನನ್ನ ಕಣ್ಣಿಗೆ ಕಟ್ಟಿದೆ. ಸಮುದ್ರದ ಮೇಲೆ ರಾತ್ರಿ, ಉದ್ದಕ್ಕೂ ದೊಡ್ಡ ದೊಡ್ಡ ಹಡಗುಗಳು ದೀಪ ಹಚ್ಚಿಕೊಂಡು ನಿಂತಿವೆ, ಒಂದರಲ್ಲೂ ಪ್ರವಾಸಿ ಇಲ್ಲ. ಹಗಲಿನಲ್ಲಿ ಸಣ್ಣ ದೋಣಿಗಳಲ್ಲಿ ಕೆಲಸದವರನ್ನು ಸೂಟ್‌ಕೇಸ್ ಸಮೇತ ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರಂತೆ, ದೇಶ ದೇಶದವರನ್ನು ಬೇರೆ ಬೇರೆ ಹಡಗಿಗೆ ವಿಂಗಡಿಸಿ. ಇಂಡೋನೇಷಿಯಾದವರು ಆ ಕಡೆ, ಫಿಲಿಪೈನ್ಸಿನವರು ಈ ಕಡೆ, ಭಾರತದವರು ಇಲ್ಲಿ. ಜೊತೆಗೆ ಉಂಡು ಮಲಗಿದವರು ದೋಣಿಯಲ್ಲಿ ಕೈ ಬೀಸಿಕೋತ ಬೇರೆಯಾದರು. ಗುರೆಳ್ಳು ಚಟ್ನಿಯ ಗೆಳೆಯನೂ ಹಂಗೇ ಹೋದ.

ಅಂತೂ ಮಳೆ ಹಿಡಿದ ಮೇಲೆ ಮುಂಬೈಗೆ ಬಂದು ಇಳಿದ. ಅಲ್ಲಿ ಒಂದಷ್ಟು ದಿನ ಹೋಟೆಲ್ಲಿನಲ್ಲಿ ಕೂಡಿಹಾಕಿದರು. ಇಲ್ಲಿಗೆ ಬಂದ ಮೇಲೆ, ಮಹಾರಾಷ್ಟ್ರದಿಂದ ಬಂದವನು ಅಂತ, ಹುಬ್ಬಳ್ಳಿಯ ಒಂದು ಲಾಡ್ಜಿನಲ್ಲಿ ಮತ್ತೆ ಕೂಡಿಹಾಕಿದರು. ಮನೆ ಚಿಗರಿ ಬಸ್ಸಿನಲ್ಲಿ ಕೂತರೆ ಒಂದು ಚಹಾ ಕುಡಿಯುವಷ್ಟು ದೂರ. ಬರುವ ಹಾಗಿಲ್ಲ.

ಅಕ್ಕ ತಡೆಯಲಿಲ್ಲ. ರಾತ್ರಿ ಕೂತು ಖಡಕ್ ರೊಟ್ಟಿ ಬಡಿದಳು, ಶೇಂಗಾ ಚಟ್ನಿ, ಕೆಂಪು ಖಾರ, ಒಂದು ಡಬ್ಬಿ ಧಾರವಾಡ ಪೇಡೆ, ಎಲ್ಲ ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು. ಭಾವನ ಸ್ಕೂಟರಿನ ಹಿಂದೆ ಕೂತು ಹೋದಳು, ನಾನು ನನ್ನ ಗಾಡಿಯಲ್ಲಿ ಹಿಂದಿನಿಂದ. ಜಿಟಿಜಿಟಿ ಮಳೆ. ಬಾಗಿಲಲ್ಲಿ ಕಾವಲಿಗೆ ಇದ್ದ ಪೊಲೀಸ್ ಹುಡುಗ, "ಹೊರಗಿನ ಊಟ ಬಿಡಂಗಿಲ್ರಿ ಅವ್ವಾರ" ಅಂದ. ಅಳಿಯ ಮೊದಲನೆಯ ಮಹಡಿಯ ಬಾಲ್ಕನಿಗೆ ಬಂದು ನಿಂತ. ಗಡ್ಡ ಬಿಟ್ಟಿದ್ದ, ತೆಳ್ಳಗಾಗಿದ್ದ. ಅಷ್ಟು ದಿನ ಆದ ಮೇಲೆ ಮಗನನ್ನು ಕಂಡ ಅಕ್ಕ ಕೆಳಗಿನಿಂದ ಕೂಗಿದ ಮೊದಲ ಮಾತು, "ಇವತ್ತೇನು ತಿಂದ್ಯೋ?"

"ಪಾಕೀಟಿನ ಚಪಾತಿ ಅವ್ವಾ."

ಅಕ್ಕ ಪೊಲೀಸ್ ಹುಡುಗನ ಕಡೆ ತಿರುಗಿದಳು. ಏನೂ ಅನ್ನಲಿಲ್ಲ, ಬರೇ ನೋಡಿದಳು. ಅವನಿಗೂ ಒಬ್ಬ ತಾಯಿ ಇರಬೇಕಲ್ಲ. "ನಾ ಒಂದೈದು ಮಿನಿಟ್ ಆ ಕಡೆ ನಿಂತಿರ್ತೇನಿ" ಅಂತ ಹೇಳಿ ರಸ್ತೆ ನೋಡುತ್ತ ನಿಂತ. ಅಳಿಯ ಎರಡು ಚಾದರ ಗಂಟು ಹಾಕಿ ಕೆಳಗೆ ಬಿಟ್ಟ. ಭಾವ ಗಂಟನ್ನು ಅದಕ್ಕೆ ಕಟ್ಟಿ, "ಎಳಿ" ಅಂದರು. ಅರ್ಧ ಎತ್ತರಕ್ಕೆ ಹೋಗಿದ್ದೇ ತಡ, ಮೇಲೆ ಚಾದರದ ಗಂಟು ಬಿಚ್ಚಿಕೊಂಡಿತು. ರೊಟ್ಟಿಯ ಮೂಟೆ ಧೊಪ್ಪಂತ ಭಾವನ ಸ್ಕೂಟರಿನ ಸೀಟಿನ ಮೇಲೆ ಬಿತ್ತು. "ಹಡಗಿನ್ಯಾಗ ಇಷ್ಟು ವರ್ಷ ಇದ್ದು ಒಂದು ಗಂಟು ಹಾಕಾಕ ಬರಂಗಿಲ್ಲೇನಲೇ!" ಅಂತ ಭಾವ ಸಿಟ್ಟಾದರೆ, ಮೇಲಿನಿಂದ ಅವನು, "ಅಪ್ಪಾ, ನಾ ಅಡಗಿಯಾಂವ, ಹಗ್ಗದಾಂವ ಅಲ್ಲ" ಅಂದ. ಕಾವಲಿನ ಹುಡುಗನೂ ನಕ್ಕುಬಿಟ್ಟ. ಎರಡನೆಯ ಸಲ ಮೇಲೆ ಹೋಯಿತು. ರೊಟ್ಟಿಯೆಲ್ಲ ಚೂರು ಚೂರು, ಅದರೊಳಗೆ ಚಟ್ನಿಪುಡಿ ಒಡೆದು ಹರವಿಕೊಂಡಿತ್ತು. ಎರಡು ದಿನ ಅದನ್ನೇ ಮೊಸರು ಕಲಸಿ ಮುಕ್ಕಿದೆ, ಅಂಥ ಊಟ ಯಾವ ಗೆಸ್ಟಿಗೂ ಸಿಕ್ಕಿಲ್ಲ ಅಂತ ಅವನು ಈಗಲೂ ಹೇಳ್ತಾನೆ.

ಮನೆಗೆ ಬಂದಾಗ ಕೈಮೇಲೆ ಮುದ್ರೆ ಇತ್ತು, ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಓಣಿಯವರು ಕೆಲವರು ಆ ಮಗ್ಗುಲಿನಿಂದ ಅಡ್ಡಾಡೋದನ್ನು ಬಿಟ್ಟರು. ಅದನ್ನು ನಾನು ಬೆಳೆಸಿ ಹೇಳೋದಿಲ್ಲ. ಅವರೇ ಆಮೇಲೆ ಅವನ ಟಿಫಿನ್ ಪಾರ್ಸಲ್ ತೊಗೊಂಡು ತಿಂದರು. ಒಂದು ವರ್ಷಕ್ಕೂ ಮೇಲೆ ಹುಡುಗ ಮನೆಯಿಂದಲೇ ಉಪ್ಪಿಟ್ಟು, ಪಡ್ಡು, ಪಲಾವ್ ಕಟ್ಟಿ ಮಾರಿದ. ಹಡಗು ಮತ್ತೆ ಹೊರಟಾಗ, ಲಸಿಕೆ ಎರಡೂ ಹಾಕಿಸಿಕೊಂಡು, ತಿರುಗಿ ಹೋದ. ಅಕ್ಕ ಬೇಡ ಅನ್ನಲಿಲ್ಲ. ಶೇಂಗಾ ಚಟ್ನಿ ಮಾತ್ರ ಹಿಂದಿನದಕ್ಕಿಂತ ದುಪ್ಪಟ್ಟು ಕಟ್ಟಿದಳು.

ಅವನು ಹೋಗಿ ಸ್ವಲ್ಪ ದಿನಕ್ಕೇ, 2021ರ ನವೆಂಬರಿನಲ್ಲಿ, ನಮ್ಮ ಸತ್ತೂರು ದೇಶದ ಟಿವಿಗೆಲ್ಲ ಬಂತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಕಾರ್ಯಕ್ರಮ ಆದ ಮೇಲೆ ಮೊದಲ ದಿನ 66 ಮಂದಿಗೆ, ಎರಡು ದಿನ ಕಳೆಯೋದರೊಳಗೆ 281 ಮಂದಿಗೆ ಸೋಂಕು. ಹೆಚ್ಚಿನವರು ಎರಡೂ ಲಸಿಕೆ ಹಾಕಿಸಿಕೊಂಡ ಮಕ್ಕಳು. ಹಾಸ್ಟೆಲ್ಲುಗಳಿಗೆ ಬೀಗ, ಸುತ್ತಲಿನ ಶಾಲೆಗಳಿಗೆ ರಜೆ. ಭಾವ ವಹಿ ತೆಗೆದು, ಹೊಸ ಪುಟ ಬೇಡ ಅಂತ, 'ಹಡಗ' ಅನ್ನೋ ಪುಟದಲ್ಲೇ ಕೆಳಗೆ ಬರೆದರು.

ಅವತ್ತು ಅಳಿಯನ ಫೋನ್ ಬಂತು. ಅವನಿಗೂ ಸುದ್ದಿ ಮುಟ್ಟಿತ್ತು. ನಾವೆಲ್ಲ ಕಟ್ಟೆಯ ಮೇಲೆ ಕೂತಿದ್ದೆವು, ಎಲ್ಲರಿಗೂ ಕೇಳಲಿ ಅಂತ ನಾನು ಸ್ಪೀಕರ್ ಹಾಕಿದೆ. "ಮಾಮಾ, ಆ ಹುಡುಗರಿಗೆ ಹಾಸ್ಟೆಲಿನಾಗ ಅಡಗಿ ಯಾರು ಮಾಡಾಕತ್ತಾರ? ಅವರೂ ಒಳಗಽ ಅದಾರೇನು? ಅವರ ಟೆಸ್ಟ್ ಮಾಡ್ಯಾರೇನು?" ಅಂತ ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮುಂಜಾನೆಯಿಂದ ಅದೇ ಸುದ್ದಿ ಮಾತಾಡುತ್ತಿದ್ದೆವು. ಎಷ್ಟು ಮಂದಿ, ಯಾವ ಊರಿನವರು, ಪರೀಕ್ಷೆ ಮುಂದಕ್ಕೆ ಹೋಗ್ತದೇನು, ಎಲ್ಲ ಆಗಿತ್ತು. ಇದೊಂದು ಯಾರ ತಲೆಗೂ ಹೊಳೆದಿರಲಿಲ್ಲ.

"ಕೇಳಿ ಹೇಳ್ತೀನೋ" ಅಂದೆ.

"ಕೇಳ್ರಿ ಮಾಮಾ. ನಾ ಇಡತೇನಿ, ಡ್ಯೂಟಿ ಹೊತ್ತಾತು. ಆರು ಟ್ರೇ ತತ್ತಿ ಒಡಿಯೋದೈತಿ."

ಅಕ್ಕ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ, ಫೋನಿನ ಹತ್ತಿರ ಬಾಗಿದಳು. "ಏನು ಒಡೀತಿ?"